ಕಳೆಯ ಹೊರೆಯಲ್ಲಿ ಹಸುವಿಗೆ ಯಾವುದು, ಗುಂಡಿಗೆ ಯಾವುದು?

ಮಳೆ ಹಿಡಿದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಎರಡು ಕೆಲಸ ಒಟ್ಟಿಗೇ ಬರುತ್ತವೆ. ಒಂದು, ರಾಗಿ ಹೊಲದಲ್ಲಿ ಕಳೆ ತೆಗೆಯುವುದು. ಇನ್ನೊಂದು, ಮನೆಯ ಹಸುವಿಗೆ ಹಸಿರು ಮೇವು ಹೊಂದಿಸುವುದು. ಸುಗಟೂರಿನ ಸುತ್ತಮುತ್ತಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಾಗಲಿ, ಹೊಲದಲ್ಲಿ ಕಿತ್ತ ಕಳೆ ಸಂಜೆಗೆ ಹೊರೆಯಾಗಿ ಕೊಟ್ಟಿಗೆ ಸೇರುತ್ತದೆ. ಹೊಲವೂ ಹಸನಾಗುತ್ತದೆ, ಹಸುವಿನ ಹೊಟ್ಟೆಯೂ ತುಂಬುತ್ತದೆ. ಇದು ಒಳ್ಳೆಯ ಪದ್ಧತಿ, ಬಿಡಬೇಕಾಗಿಲ್ಲ. ಆದರೆ ಹೊರೆಯಲ್ಲಿ ಏನೇನಿದೆ ಎಂದು ನೋಡದೆ ಗೋದಲಿಗೆ ಸುರಿಯಬಾರದು.

ಬೆರಕೆ ಸೊಪ್ಪು ಕೀಳುವಾಗ ನೀವು ಅಣ್ಣೆ, ಕೀರೆ, ಗೋಣಿ, ಹೊನಗನ್ನೆ ಎಂದು ಒಂದೊಂದನ್ನೂ ಗುರುತಿಸಿ ಆರಿಸುತ್ತೀರಿ. ಗೊತ್ತಿಲ್ಲದ ಎಲೆ ಸಾರಿನ ಪಾತ್ರೆಗೆ ಬೀಳುವುದಿಲ್ಲ. ಅದೇ ಕಣ್ಣು ಹಸುವಿನ ಹೊರೆಯ ಮೇಲೂ ಇರಲಿ. ಹಸಿದ ಹಸು ಆರಿಸಿ ತಿನ್ನುವುದಿಲ್ಲ. ಕತ್ತರಿಸಿ ಬೆರೆಸಿ ಹಾಕಿದರೆ ಅದಕ್ಕೆ ಆರಿಸಲು ಆಗುವುದೂ ಇಲ್ಲ.

ಹಸುವಿಗೆ ಹಾಕಬಹುದಾದವು

ಗರಿಕೆ, ಕಾಡು ರಾಗಿ ಮತ್ತು ಇತರ ಹುಲ್ಲಿನ ಜಾತಿಯ ಕಳೆಗಳು ಎಳೆಯದಾಗಿರುವಾಗ ಒಳ್ಳೆಯ ಮೇವು. ಅಣ್ಣೆ ಸೊಪ್ಪನ್ನೂ ಹಾಕಬಹುದು. ಎಲ್ಲವನ್ನೂ ಹೂವು, ತೆನೆ ಬರುವ ಮೊದಲೇ ಕೀಳಿ. ಬೀಜ ಕಟ್ಟಿದ ಕಳೆಯನ್ನು ಹಸು ತಿಂದರೆ ಎಷ್ಟೋ ಬೀಜಗಳು ಜೀರ್ಣವಾಗದೆ ಸಗಣಿಯಲ್ಲಿ ಹೊರಬರುತ್ತವೆ. ಆ ಸಗಣಿ ಗೊಬ್ಬರವಾಗಿ ಹೊಲಕ್ಕೆ ಹೋದರೆ, ಈ ವರ್ಷ ಕಿತ್ತ ಕಳೆಯನ್ನು ಮುಂದಿನ ವರ್ಷಕ್ಕೆ ನಾವೇ ಬಿತ್ತಿದಂತೆ. ರಾಗಿಗೆ ಮೊದಲ ನಾಲ್ಕೈದು ವಾರದ ಕಳೆಯೇ ಹೆಚ್ಚು ನಷ್ಟ ಮಾಡುವುದು. ಹಾಗಾಗಿ ಬೇಗ ಕಿತ್ತರೆ ಬೆಳೆಗೂ ಲಾಭ, ಹಸುವಿಗೂ ಎಳೆ ಮೇವು.

ಮಿತಿಯಲ್ಲಿ ಹಾಕಬೇಕಾದವು

ದಂಟು, ಕೀರೆ, ಮುಳ್ಳುದಂಟು ನಾವು ತಿನ್ನುವ ಸೊಪ್ಪಿನ ಜಾತಿಯವೇ. ಆದರೆ ಯೂರಿಯಾ ಹೆಚ್ಚು ಹಾಕಿದ ಜಾಗದಲ್ಲಿ, ಅಥವಾ ಒಣಗಿ ನಿಂತು ಮಳೆ ಬಿದ್ದೊಡನೆ ಚಿಗುರಿದಾಗ ಇವುಗಳಲ್ಲಿ ನೈಟ್ರೇಟ್ ಅಂಶ ಸೇರಿಕೊಳ್ಳುತ್ತದೆ. ಹಸಿದ ಹಸುವಿಗೆ ಇದನ್ನೇ ಹೊರೆಗಟ್ಟಲೆ ಹಾಕಿದರೆ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಹಸು ಏದುಸಿರು ಬಿಡುತ್ತದೆ, ನಡುಗುತ್ತದೆ, ಒಸಡು ಮತ್ತು ಕಣ್ಣಿನ ಒಳಪೊರೆ ಕಂದು ಬಣ್ಣಕ್ಕೆ ತಿರುಗುತ್ತವೆ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಗೋಣಿ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು. ಅತಿಯಾದರೆ ದೇಹದ ಸುಣ್ಣದ ಅಂಶವನ್ನು ಅದು ಹಿಡಿದಿಡುತ್ತದೆ. ಹೊಸದಾಗಿ ಕರು ಹಾಕಿದ ಹಸುವಿಗೆ ಇದು ಒಳ್ಳೆಯದಲ್ಲ.

ಪರಿಹಾರ ಕಷ್ಟದ್ದೇನಲ್ಲ. ಮೊದಲು ರಾಗಿ ಹುಲ್ಲು ತಿನ್ನಿಸಿ, ಆಮೇಲೆ ಸೊಪ್ಪಿನ ಕಳೆಯನ್ನು ಹುಲ್ಲಿನ ಜೊತೆ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಹಾಕಿ. ಹಸಿ ಕಳೆಯನ್ನು ರಾತ್ರಿಯೆಲ್ಲ ರಾಶಿ ಹಾಕಿಡಬೇಡಿ. ರಾಶಿ ಬಿಸಿಯಾದರೆ ನೈಟ್ರೇಟ್ ಇನ್ನೂ ಹೆಚ್ಚು ವಿಷಕಾರಿಯಾದ ನೈಟ್ರೈಟ್ ಆಗುತ್ತದೆ. ತಂದ ದಿನವೇ ತೆಳುವಾಗಿ ಹರಡಿ, ಅಂದೇ ಮುಗಿಸಿ.

ಹೊರೆಗೆ ಬರಲೇಬಾರದವು

ಮೊದಲನೆಯದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಗಿಡ ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಎಲ್ಲೆಡೆ ಹರಡಿತು. ಚೆನ್ನಾಗಿ ಬೆಳೆದ ಒಂದೇ ಗಿಡ 15 ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಇದನ್ನು ತಿಂದ ಹಸುವಿಗೆ ಬಾಯಿ ಹುಣ್ಣು, ಭೇದಿ, ಚರ್ಮದ ಉರಿ ಬರಬಹುದು. ಹೆಚ್ಚು ತಿಂದರೆ ಸಾಯಲೂಬಹುದು. ಸ್ವಲ್ಪ ತಿಂದರೂ ಹಾಲು ಕಹಿಯಾಗುತ್ತದೆ. ಒಂದು ಮನೆಯ ಹಾಲು ಸಂಘದಲ್ಲಿ ಊರಿನವರೆಲ್ಲರ ಹಾಲಿನ ಜೊತೆ ಸೇರುತ್ತದೆ ಎಂಬುದು ನೆನಪಿರಲಿ.

ಈ ಗಿಡ ಮೊಳೆತ ಒಂದೂವರೆ ತಿಂಗಳೊಳಗೇ ಹೂ ಬಿಡಲು ಶುರುಮಾಡುತ್ತದೆ. ಅದಕ್ಕೂ ಮುಂಚೆ, ನೆಲ ಹಸಿಯಿದ್ದಾಗ ಬೇರು ಸಮೇತ ಕೀಳಿ. ಕೈಗೆ ಕವಚ ಇಲ್ಲವೇ ಪ್ಲಾಸ್ಟಿಕ್ ಚೀಲ, ಮೈ ಮುಚ್ಚುವ ಉದ್ದ ತೋಳಿನ ಅಂಗಿ, ಮೂಗಿಗೆ ಬಟ್ಟೆ ಇರಲಿ. ಚರ್ಮದ ಅಲರ್ಜಿ, ಉಬ್ಬಸ ಇರುವವರು ಈ ಕೆಲಸಕ್ಕೆ ಹೋಗಬೇಡಿ. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟಿದ್ದನ್ನು ಬೇರೆ ಗುಂಡಿಯಲ್ಲಿ ಆಳವಾಗಿ ಹೂಳಿ. ಗಿಡದ ಮೇಲೆ ಮಾಸಲು ಬಿಳುಪಿನ ಬೆನ್ನಿಗೆ ಕಂದು ಗೆರೆಗಳಿರುವ ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿ. ಪಾರ್ಥೇನಿಯಂ ಎಲೆ ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಅದು.

ಎರಡನೆಯದು ಲಂಟಾನ. ಬೇಲಿ, ಕೆರೆ ಅಂಗಳ, ಗುಡ್ಡದ ಬದಿಯಲ್ಲಿ ಬೇಕಾದಷ್ಟಿದೆ. ಬೇರೆ ಮೇವಿಲ್ಲದಾಗ ಹಸು ಇದಕ್ಕೆ ಬಾಯಿ ಹಾಕುತ್ತದೆ. ಇದರ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಮೇವು ಬಿಡುವುದು, ಮಲಬದ್ಧತೆ, ಕಣ್ಣು ಹಳದಿಯಾಗುವುದು ಮೊದಲ ಲಕ್ಷಣಗಳು. ಬಿಸಿಲಿಗೆ ನಿಂತರೆ ಚರ್ಮ ಸುಟ್ಟಂತೆ ಸುಲಿಯುತ್ತದೆ. ಕಪ್ಪು ಬಿಳುಪಿನ ಸೀಮೆ ಹಸುಗಳಲ್ಲಿ ಬಿಳಿ ಇರುವ ಕಡೆ ಇದು ಎದ್ದು ಕಾಣುತ್ತದೆ. ಅಂತಹ ಹಸುವನ್ನು ಕೂಡಲೇ ನೆರಳಿಗೆ ಕಟ್ಟಿ, ವೈದ್ಯರನ್ನು ಕರೆಸಿ. ಉಮ್ಮತ್ತಿ, ಎಕ್ಕ, ಹರಳು ಗಿಡದ ಸೊಪ್ಪು ಕೂಡ ಹೊರೆಗೆ ಸೇರಬಾರದು.

ಕುದುರೆ ಮೆಂತ್ಯ ಬೆಳೆದವರು ಎಲೆಯೇ ಇಲ್ಲದ, ಹಳದಿ ದಾರದಂತೆ ಸುತ್ತಿಕೊಳ್ಳುವ ಕಸ್ಕ್ಯೂಟಾ ಬಳ್ಳಿಯನ್ನು ಗಮನಿಸಿ. ಅದು ಬೆಳೆಯ ಸಾರ ಹೀರಿ ಬದುಕುತ್ತದೆ. ತುಂಡು ಬಿದ್ದರೂ ಮತ್ತೆ ಹಬ್ಬುತ್ತದೆ. ಕಂಡಷ್ಟು ಜಾಗದ ಮೆಂತ್ಯವನ್ನು ಬಳ್ಳಿ ಸಮೇತ ಬುಡಕ್ಕೆ ಕೊಯ್ದು ಸುಟ್ಟುಬಿಡಿ. ಹಸುವಿಗೆ ಹಾಕಿದರೆ ಅದರ ಬೀಜ ಸಗಣಿಯ ಮೂಲಕ ಹೊಲಕ್ಕೆ ಮರಳುತ್ತದೆ.

ಔಷಧಿ ಹೊಡೆದ ಬದುವಿನ ಹುಲ್ಲು

ನಮ್ಮದು ಟೊಮ್ಯಾಟೊ, ಮಾವು, ತರಕಾರಿಯ ಸೀಮೆ. ತೋಟಕ್ಕೆ ಕೀಟನಾಶಕ, ಬದುವಿಗೆ ಕಳೆನಾಶಕ ಹೊಡೆಯುವುದು ಸಾಮಾನ್ಯ. ಹೊಡೆಯುವವರು ಒಬ್ಬರು, ಹುಲ್ಲು ಕೊಯ್ಯುವವರು ಇನ್ನೊಬ್ಬರು. ಅಪಾಯ ಇರುವುದು ಇಲ್ಲೇ. ಗ್ಲೈಫೋಸೇಟ್ ಹೊಡೆದ ಹುಲ್ಲು ಹಲವು ದಿನ ಹಸಿರಾಗಿಯೇ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. 2,4-ಡಿ ಹೊಡೆದಾಗ ಎಲೆ ಮುರುಟುತ್ತದೆ, ಆದರೆ ದನ ಸಾಮಾನ್ಯವಾಗಿ ಮುಟ್ಟದ ವಿಷದ ಗಿಡವೂ ಆಗ ಅದಕ್ಕೆ ರುಚಿಸಬಹುದು. ಪ್ಯಾರಾಕ್ವಾಟ್ ವಿಷಕ್ಕಂತೂ ಪ್ರತ್ಯೌಷಧವೇ ಇಲ್ಲ.

ಆದ್ದರಿಂದ ಬೇರೆಯವರ ಬದುವಿನಲ್ಲಿ ಕುಡುಗೋಲು ಇಡುವ ಮೊದಲು ಕೇಳಿ. ಎಷ್ಟು ದಿನ ಬಿಡಬೇಕು ಎಂಬುದು ಔಷಧಿಯ ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿಸಿಕೊಳ್ಳಿ. ಮುಂದಿನ ಸಂಘದ ಸಭೆಯಲ್ಲಿ ಒಂದು ಮಾತು ಇಡಿ: ಔಷಧಿ ಹೊಡೆದವರು ಆ ಜಾಗದಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಲಿ. ಖರ್ಚಿಲ್ಲದ ಈ ಗುರುತು ಊರಿನ ಎಲ್ಲ ಹಸುಗಳನ್ನೂ ಕಾಯುತ್ತದೆ.

ಗೊಬ್ಬರದ ಗುಂಡಿ

ಗೋದಲಿಯಲ್ಲಿ ಉಳಿದ ಕಡ್ಡಿಕಸ, ಸಗಣಿಯನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ತುಂಬಿದ ಮೇಲೆ ಮಣ್ಣು ಮೆತ್ತಿ ಮೂರು ನಾಲ್ಕು ತಿಂಗಳು ಬಿಡಿ. ಚೆನ್ನಾಗಿ ಕೊಳೆಯುವಾಗ ಏಳುವ ಶಾಖಕ್ಕೆ ಬಹುಪಾಲು ಕಳೆಬೀಜ ಸಾಯುತ್ತದೆ. ತಿಪ್ಪೆಯಲ್ಲಿ ಬಯಲಿಗೆ ಬಿದ್ದ ಸಗಣಿಗೆ ಆ ಶಾಖ ಬರುವುದಿಲ್ಲ.

ಹಸು ವಿಷ ತಿಂದ ಅನುಮಾನ ಬಂದರೆ

ಗೋದಲಿ ಖಾಲಿ ಮಾಡಿ, ಆದರೆ ಉಳಿದ ಮೇವನ್ನು ಎಸೆಯಬೇಡಿ. ಒಂದು ಹಿಡಿ ತೆಗೆದಿಟ್ಟು ವೈದ್ಯರಿಗೆ ತೋರಿಸಿ, ಅದನ್ನು ನೋಡಿದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ. ಎಣ್ಣೆ, ಮಜ್ಜಿಗೆ, ಉಪ್ಪುನೀರನ್ನು ಗೊಟ್ಟದಲ್ಲಿ ಕುಡಿಸಬೇಡಿ. ನಡುಗುತ್ತಿರುವ ಹಸುವಿಗೆ ಅದು ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲುತ್ತದೆ. ಯಾವಾಗ, ಎಲ್ಲಿಯ ಮೇವು, ಎಷ್ಟು ತಿಂದಿತು ಎಂಬುದನ್ನು ನೆನಪಿಟ್ಟುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಆ ಹಸುವಿನ ಹಾಲನ್ನು ವೈದ್ಯರು ಹೇಳುವವರೆಗೆ ಸಂಘಕ್ಕೂ ಹಾಕಬೇಡಿ, ಮನೆಯ ಮಕ್ಕಳಿಗೂ ಕೊಡಬೇಡಿ.