ಆಹಾರ ವಿಜ್ಞಾನ ಕಲಿತು ಅಮೇರಿಕದಲ್ಲಿ ಉದ್ಯೋಗ ಅರಸುವವರಿಗೆ

ಪರೇಲಿನ ಬಟ್ಟೆ ಗಿರಣಿಗಳ ಆಸುಪಾಸಿನಲ್ಲಿ ಹೋಟೆಲು ನಡೆಸಿ ಬಾಳು ಕಟ್ಟಿಕೊಂಡ ಕನ್ನಡಿಗ ಕುಟುಂಬಗಳು ಹಲವು. ಅಂತಹ ಮನೆಗಳ ಮಕ್ಕಳಿಗೆ ಆಹಾರ ವಿಜ್ಞಾನದತ್ತ ಒಲವು ಮೂಡುವುದು ಸಹಜ. ಸಾಲ ಮಾಡಿ ಮಕ್ಕಳನ್ನು ಅಮೇರಿಕಕ್ಕೆ ಕಳುಹಿಸುವ ಪಾಲಕರು ಅಲ್ಲಿಯ ಉದ್ಯೋಗ ನಿಯಮಗಳನ್ನು ಮೊದಲೇ ಅರಿತಿರುವುದು ಲೇಸು.

ಪದವಿ ಪಡೆದ ಬಳಿಕ ವಿದ್ಯಾರ್ಥಿಯಾಗಿ ಬಂದವರಿಗೆ 12 ತಿಂಗಳು ದುಡಿಯುವ ಅವಕಾಶವಿದೆ. ಇದನ್ನು ಓಪಿಟಿ ಎನ್ನುತ್ತಾರೆ. ವಿಜ್ಞಾನ-ತಂತ್ರಜ್ಞಾನ ಪಟ್ಟಿಯಲ್ಲಿರುವ ಪದವಿಗಳಿಗೆ ಮತ್ತೆ 24 ತಿಂಗಳ ವಿಸ್ತರಣೆ ದೊರೆಯಬಹುದು. ಆಹಾರ ವಿಜ್ಞಾನ ಈ ಪಟ್ಟಿಯಲ್ಲಿದೆ. ಆದರೆ ಹೆಸರು ಹತ್ತಿರವಿರುವ ಎಲ್ಲ ಪದವಿಗಳೂ ಅದರಲ್ಲಿಲ್ಲ. ಆದುದರಿಂದ ವಿಶ್ವವಿದ್ಯಾನಿಲಯ ಕಳುಹಿಸುವ ಐ-20 ಪತ್ರದಲ್ಲಿನ ಸಂಕೇತಾಂಕವನ್ನು ಪರಿಶೀಲಿಸಬೇಕು. ಆಹಾರ ವಿಜ್ಞಾನಕ್ಕೆ ಅದು 01.1001.

ಓಪಿಟಿ ಆರಂಭಗೊಂಡ ಮೇಲೆ ಒಟ್ಟು 90 ದಿನಗಳಿಗಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಹೀಗಾಗಿ ಹುಡುಕಾಟ ಪದವಿಯ ಅಂತಿಮ ವರ್ಷದ ಆರಂಭದಲ್ಲೇ ತೊಡಗಬೇಕು. ವಿಸ್ತರಣೆ ಬೇಕಿದ್ದರೆ ನೌಕರಿ ನೀಡುವ ಸಂಸ್ಥೆ ಅಲ್ಲಿಯ ಸರಕಾರದ ಇ-ವೆರಿಫೈ ವ್ಯವಸ್ಥೆಯಲ್ಲಿ ನೋಂದಾಯಿತವಾಗಿರಬೇಕು. ಇದನ್ನು ಸಂದರ್ಶನದ ಹಂತದಲ್ಲೇ ಕೇಳಿಕೊಳ್ಳುವುದು ಒಳಿತು.

ಅಲ್ಲಿಯ ಕೇಂದ್ರ ಸರಕಾರದ ಆಹಾರ ತಪಾಸಣಾ ಹುದ್ದೆಗಳು ಸಾಮಾನ್ಯವಾಗಿ ಆ ದೇಶದ ಪೌರರಿಗೇ ಮೀಸಲು. ವಿದೇಶೀ ಪದವೀಧರರಿಗೆ ಖಾಸಗಿ ಕಾರ್ಖಾನೆಗಳ ಗುಣಮಟ್ಟ ವಿಭಾಗವೇ ಸುಲಭದ ಬಾಗಿಲು. 2011ರಲ್ಲಿ ಬಂದ ಆಹಾರ ಸುರಕ್ಷತಾ ಕಾನೂನಿನಡಿ ಹೆಚ್ಚಿನ ಕಾರ್ಖಾನೆಗಳು ಅಪಾಯ ತಡೆಯುವ ಯೋಜನೆ ರೂಪಿಸಬಲ್ಲ ಅರ್ಹರನ್ನು ಹೊಂದಿರಬೇಕಾಗುತ್ತದೆ. ಈ ಪಿಸಿಕ್ಯೂಐ ತರಬೇತಿಯನ್ನು ವ್ಯಾಸಂಗದ ವೇಳೆಯಲ್ಲೇ ಮುಗಿಸಿಕೊಂಡವರಿಗೆ ಹಾದಿ ಅಷ್ಟರಮಟ್ಟಿಗೆ ಸುಗಮ.

ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ಮುನ್ನ ವಿಶ್ವವಿದ್ಯಾನಿಲಯದ ವಿದೇಶೀ ವಿದ್ಯಾರ್ಥಿ ಕಛೇರಿಯಿಂದಲೇ ಖಚಿತಪಡಿಸಿಕೊಳ್ಳಬೇಕು.