ಕಾಚಿಗೂಡದ ಮಾಳಿಗೆ: ಅರ್ಧ ಮಿಲಿಮೀಟರಿನ ಕೆಲಸ

ಹೈದರಾಬಾದಿನ ಕಾಚಿಗೂಡ ಚೌರಸ್ತಾದ ಸುತ್ತಲಿನ ಹಳೆಯ ಗಲ್ಲಿಗಳಲ್ಲಿ ಮೂರು ಕಾಲದ ಮಾಳಿಗೆಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಕಬ್ಬಿಣದ ಗರ್ಡರಿನ ಮೇಲೆ ಶಹಾಬಾದ್ ಕಲ್ಲು ಹಾಸಿ ಸುಣ್ಣದ ಗಚ್ಚು ಬಡಿದ ನಿಜಾಮರ ಕಾಲದ ಮನೆ, ಅದಕ್ಕೆ ಒರಗಿದಂತೆ ನಲವತ್ತು ಐವತ್ತು ವರ್ಷದ ಆರ್‌ಸಿಸಿ ಮನೆ, ಅದರಾಚೆ ಐದಂತಸ್ತಿನ ಅಪಾರ್ಟ್‌ಮೆಂಟು. ಮೂರನ್ನೂ ಕಟ್ಟಿದ ಕೈ ಬೇರೆ, ಬಳಸಿದ ಸಾಮಾನು ಬೇರೆ. ಜೂನ್ ಹತ್ತಿರ ಬಂದಾಗ ಮನೆಯವರಿಗೆ ಹತ್ತುವ ಚಿಂತೆ ಮಾತ್ರ ಒಂದೇ: ಈ ಸಲ ಸೋರೀತೇ?

ಕನ್ನಡಿಗರಿಗೆ ಕಾಚಿಗೂಡ ಪರ ಊರಲ್ಲ. 1956ರವರೆಗೆ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಓದಿಗೆ, ನೌಕರಿಗೆ, ಕೋರ್ಟು ಕಚೇರಿಯ ಕೆಲಸಕ್ಕೆ ರಾಜಧಾನಿಗೆ ಬಂದವರಲ್ಲಿ ಹಲವರು ಇಲ್ಲೇ ಸುತ್ತಮುತ್ತ ಮನೆ ಮಾಡಿದರು. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗರ ಹೆಸರಿನ ಶಾಲೆ ಕಾಲೇಜು ಇಲ್ಲಿ ಬೇರೂರಿದ್ದು ಆ ಬಳಕೆಯಿಂದಲೇ. ಜನರಂತೆ ಕಲ್ಲೂ ಬಂತು. ಕಲಬುರಗಿ ಜಿಲ್ಲೆಯ ಶಹಾಬಾದಿನ ಹಾಸುಗಲ್ಲು ಇಲ್ಲಿನ ನೆಲಕ್ಕೂ ಆಯಿತು, ಮಾಳಿಗೆಗೂ ಆಯಿತು.

ಆ ಕಲ್ಲಿನ ಮೇಲೆ ನೀರು ತಡೆಯುತ್ತಿದ್ದದ್ದು ಸುಣ್ಣ. ಇಟ್ಟಿಗೆಯ ಚೂರಿಗೆ ಅರಳಿದ ಸುಣ್ಣ ಬೆರೆಸಿ, ಮೂರು ನಾಲ್ಕು ಇಂಚು ದಪ್ಪಕ್ಕೆ ಹರಡಿ, ಸಾಲಾಗಿ ಕುಳಿತ ಆಳುಗಳು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬೆಲ್ಲದ ನೀರು, ಬಿಲ್ವದ ಕಾಯಿಯ ರಸ ಚಿಮುಕಿಸುತ್ತಿದ್ದರು. ಇದು ಬರೀ ಅಜ್ಜಿ ಹೇಳುವ ಮಾತಲ್ಲ. ಸುಣ್ಣದ ಕಾಂಕ್ರೀಟಿನಿಂದ ಮಾಳಿಗೆಗೆ ನೀರುತಡೆ ಮಾಡುವ ಕ್ರಮಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 3036 ಎಂಬ ಸಂಹಿತೆಯೇ ಇದೆ; ಬೆಲ್ಲ, ಬಿಲ್ವಗಳಿಗೆ ಅದರಲ್ಲೂ ಜಾಗವಿದೆ. ಸುಣ್ಣಕ್ಕೆ ಇನ್ನೊಂದು ಗುಣವುಂಟು. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮಳೆನೀರಿನಲ್ಲಿ ಕರಗಿದ ಸುಣ್ಣವೇ ಬಿರುಕಿನೊಳಗೆ ಇಳಿದು, ಗಾಳಿ ತಾಗಿ ಗಟ್ಟಿಯಾಗಿ, ಅದನ್ನು ತಾನೇ ಮುಚ್ಚುತ್ತದೆ. ಕಾಚಿಗೂಡದಿಂದ ಕೂಗಳತೆಯಲ್ಲಿರುವ ಕೋಠಿಯ ಬ್ರಿಟಿಷ್ ರೆಸಿಡೆನ್ಸಿ 1803ರಲ್ಲಿ ಶುರುವಾದ ಕಟ್ಟಡ. ಅಂಥ ಕಟ್ಟಡಗಳ ರಿಪೇರಿಗೆ ಇಂದಿಗೂ ಸುಣ್ಣವೇ ಬೇಕು, ಸಿಮೆಂಟು ಹೊಂದುವುದಿಲ್ಲ.

ಆರ್‌ಸಿಸಿ ಸ್ಲ್ಯಾಬಿಗೆ ಸುಣ್ಣದ ಆ ಸೈರಣೆಯಿಲ್ಲ. ಅದು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಲೆಕ್ಕ ಹಾಕಿ ನೋಡಿ: ಹತ್ತು ಮೀಟರ್ ಉದ್ದದ ಸ್ಲ್ಯಾಬು ಮೂವತ್ತು ಡಿಗ್ರಿ ಬಿಸಿಯಾದರೆ ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ. ಹೈದರಾಬಾದಿನ ಮೇ ತಿಂಗಳಲ್ಲಿ ಇದು ದಿನನಿತ್ಯದ ವ್ಯವಹಾರ. ಹೀಗೆ ಎಳೆದಾಡಿದ ಸ್ಲ್ಯಾಬು ದುರ್ಬಲವಾದ ಕಡೆ ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರು ಕಂಬಿಗೆ ತಾಗುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕೆಳಗಿನ ಪ್ಲಾಸ್ಟರನ್ನು ಒಡೆದು ಹೊರದಬ್ಬುತ್ತದೆ. ಛಾವಣಿಯ ಒಳಮೈಯಿಂದ ಹೆಕ್ಕಳಿಕೆ ಉದುರುವ ಮನೆಗಳಲ್ಲಿ ಆಗಿರುವುದು ಇದೇ. ನೀರನ್ನು ತಡೆಯುವುದೆಂದರೆ ಗೋಡೆಯ ಕಲೆ ತಪ್ಪಿಸುವುದಷ್ಟೇ ಅಲ್ಲ. ತಲೆಯ ಮೇಲಿನ ಕಂಬಿಯನ್ನು ಕಾಪಾಡುವುದು.

ದ್ರವರೂಪದ ಲೇಪನ ಬಂದದ್ದು ಈ ಹಿಗ್ಗು ಕುಗ್ಗಿಗೆ ಉತ್ತರವಾಗಿ. ಬ್ರಷ್ಷಿನಿಂದಲೋ ರೋಲರಿನಿಂದಲೋ ಬಳಿದ ದ್ರವ ಒಣಗಿ, ಎಲ್ಲೂ ಜೋಡಣೆಯಿಲ್ಲದ ಒಂದೇ ರಬ್ಬರಿನ ಪೊರೆಯಾಗುತ್ತದೆ. ಸ್ಲ್ಯಾಬು ಎಳೆದರೆ ಎಳೆಸಿಕೊಳ್ಳುತ್ತದೆ. ಪೇಟೆಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ನೀರಿನಲ್ಲಿ ಬೆರೆತಿರುವ ಅಕ್ರಿಲಿಕ್ ಅಗ್ಗ, ಬಳಿಯಲು ಸಲೀಸು, ಬಿಳಿ ಬಣ್ಣದಲ್ಲೂ ಬರುತ್ತದೆ. ಆದರೆ ದಿನಗಟ್ಟಲೆ ನೀರು ನಿಂತರೆ ಮೆತ್ತಗಾಗುತ್ತದೆ. ಪುಡಿ ಮತ್ತು ಹಾಲಿನಂಥ ದ್ರವ ಎರಡನ್ನೂ ಕಲಸಿ ಬಳಿಯುವ ಸಿಮೆಂಟು–ಪಾಲಿಮರ್ ಲೇಪನ ಕಾಂಕ್ರೀಟಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಎಳೆತ ಕಡಿಮೆ. ಮೂರನೆಯದು ಮಿಸ್ತ್ರಿಗಳು ‘ಪಿಯು’ ಎನ್ನುವ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಆಟೋ ಬೇಯರ್ ಮತ್ತು ಅವರ ಜೊತೆಗಾರರು ಕಂಡುಕೊಂಡ ರಸಾಯನ ಇದು. ಎಳೆತದಲ್ಲೂ ನಿಂತ ನೀರನ್ನು ತಡೆಯುವುದರಲ್ಲೂ ಮೂರರಲ್ಲಿ ಇದೇ ಮೇಲು, ಬೆಲೆಯಲ್ಲೂ ಮೇಲು. ಇದರ ಸಾಮಾನ್ಯ ಬಗೆಗಳು ಬಿಸಿಲಿನ ಅತಿನೇರಳೆ ಕಿರಣಕ್ಕೆ ಹಳದಿಯಾಗಿ ಸೆಡೆಯುತ್ತವೆ. ಮೇಲೊಂದು ಬಿಸಿಲು ತಡೆಯುವ ಕೋಟು ಬೇಕೇ ಬೇಕು.

ಯಾವ ಡಬ್ಬಿ ಕೊಳ್ಳಬೇಕೆಂದು ವಿಚಾರಿಸುವವರೇ ಹೆಚ್ಚು. ಆದರೆ ಕೆಲಸ ಗೆಲ್ಲುವುದು, ಸೋಲುವುದು ಡಬ್ಬಿ ತೆರೆಯುವ ಮೊದಲೇ. ಒಳ್ಳೆಯ ಮಿಸ್ತ್ರಿ ಮಾಳಿಗೆ ಹತ್ತಿದ ಕೂಡಲೇ ಮೊದಲು ನೋಡುವುದು ನೀರು ಹೋಗುವ ಹಾದಿ. ಹತ್ತಡಿಗೆ ಒಂದು ಇಂಚಾದರೂ ಇಳಿಜಾರು ಇದೆಯೇ, ಪೈಪಿನ ಬಾಯಿ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆಯೇ, ಎಲೆ ಕಸ ಕಟ್ಟಿದೆಯೇ. ನೀರು ನಿಲ್ಲುವ ತಗ್ಗಿದ್ದರೆ ಅದನ್ನು ಮೊದಲು ಗಾರೆಯಿಂದ ಎತ್ತರಿಸಬೇಕು. ಆಮೇಲೆ ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆ. ಸೋರಿಕೆಗಳಲ್ಲಿ ಹೆಚ್ಚಿನವು ಹುಟ್ಟುವುದು ಮಾಳಿಗೆಯ ನಡುವೆ ಅಲ್ಲ, ಈ ಮೂಲೆಯಲ್ಲಿ, ಪೈಪಿನ ಬಾಯಲ್ಲಿ, ನೀರಿನ ಟ್ಯಾಂಕಿನ ಕಟ್ಟೆಯ ಬುಡದಲ್ಲಿ, ಡಿಶ್ಶಿಗೋ ಸೋಲಾರಿಗೋ ಕೊರೆದ ತೂತಿನಲ್ಲಿ. ಮೂಲೆಯ ಉದ್ದಕ್ಕೂ ಗಾರೆಯಿಂದ ದುಂಡನೆಯ ಅಂಚು, ಅಂದರೆ ಗೋಲಾ, ಕಟ್ಟಿ, ಲೇಪನವನ್ನು ಗೋಡೆಯ ಮೇಲೂ ಅರ್ಧ ಒಂದು ಅಡಿ ಏರಿಸಬೇಕು. ಬಿರುಕುಗಳನ್ನು ಮೇಲೆ ಮೇಲೆ ಮೆತ್ತಿದರೆ ಆಗದು. ಯಂತ್ರದಿಂದ ಅಗಲಿಸಿ, ದೂಳು ತೆಗೆದು, ಎಳೆಯುವ ಗುಣವಿರುವ ಸೀಲಂಟ್ ತುಂಬಬೇಕು.

ನಂತರದ್ದು ಒಣಗಿಸುವ ತಾಳ್ಮೆ. ಒಳಗೆ ತೇವ ಹಿಡಿದ ಸ್ಲ್ಯಾಬಿನ ಮೇಲೆ ಬಳಿದರೆ ಬಿಸಿಲಿಗೆ ಆವಿ ಎದ್ದು ಲೇಪನ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಪರೀಕ್ಷೆ ಸರಳ: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಸ್ಲ್ಯಾಬಿಗೆ ಅಂಟಿಸಿ. ಮರುದಿನ ಬಿಚ್ಚಿದಾಗ ಒಳಗೆ ಹನಿ ಕಟ್ಟಿದ್ದರೆ, ಕಾಂಕ್ರೀಟು ಕಪ್ಪಾಗಿದ್ದರೆ, ಇನ್ನೂ ಕಾಯಬೇಕು. ಕೆಲವು ಮನೆಗಳ ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರಿನ ಕೋಬಾ ಇರುತ್ತದೆ. ಅದು ವರ್ಷಗಟ್ಟಲೆ ನೀರು ಕುಡಿದಿದ್ದರೆ ಮೇಲೆ ಏನು ಬಳಿದರೂ ದುಡ್ಡು ದಂಡ. ಕಿತ್ತು ತೆಗೆಯುವುದೊಂದೇ ದಾರಿ.

ಬಳಿಯುವ ಹೊತ್ತೂ ಮುಖ್ಯ. ಬೆಳಗ್ಗೆ ಬಿಸಿಯೇರುವ ಸ್ಲ್ಯಾಬಿನ ಸೂಕ್ಷ್ಮ ರಂಧ್ರಗಳಿಂದ ಗಾಳಿ ಮೇಲೆದ್ದು ಹಸಿ ಲೇಪನದಲ್ಲಿ ತೂತು ಮಾಡುತ್ತದೆ. ಬಿಸಿಲು ಇಳಿದ ಮೇಲೆ ಅದೇ ಸ್ಲ್ಯಾಬು ಲೇಪನವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸಂಜೆಯ ಕೆಲಸ ಗಟ್ಟಿ ಎಂದು ಅನುಭವಸ್ಥರು ಹೇಳುವುದಕ್ಕೆ ಕಾರಣ ಇದು. ಮೊದಲು ಪ್ರೈಮರ್, ಆಮೇಲೆ ಮೊದಲ ಕೋಟು. ಅದು ಹಸಿಯಿರುವಾಗಲೇ ಮೂಲೆಗಳಲ್ಲಿ, ಬಿರುಕಿನ ಮೇಲೆ ಫೈಬರ್ ಜಾಲರಿ ಹುದುಗಿಸಬೇಕು. ಅದು ಒಣಗಿದ ಮೇಲೆ ಎರಡನೆಯ ಕೋಟು, ಮೊದಲನೆಯದಕ್ಕೆ ಅಡ್ಡಡ್ಡವಾಗಿ.

ಇನ್ನು ಮನೆಯವರು ಕಲಿಯಲೇಬೇಕಾದ ಒಂದು ಲೆಕ್ಕವಿದೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಬಳಿದರೆ ಹಸಿ ಲೇಪನ ಒಂದು ಮಿಲಿಮೀಟರ್ ದಪ್ಪ. ಅಕ್ರಿಲಿಕ್ಕಿನಲ್ಲಿ ಹೆಚ್ಚು ಕಡಿಮೆ ಅರ್ಧ ನೀರು; ಒಣಗಿದಾಗ ಉಳಿಯುವುದು ಅರ್ಧ ಮಿಲಿಮೀಟರ್. ಸಾವಿರ ಚದರಡಿ ಎಂದರೆ 93 ಚದರ ಮೀಟರ್. ಅಂದರೆ ಅರ್ಧ ಮಿಲಿಮೀಟರ್ ಬೇಕೆಂದರೂ 93 ಲೀಟರ್, ಇಪ್ಪತ್ತು ಲೀಟರಿನ ಬಕೆಟ್ಟು ಹತ್ತಿರ ಹತ್ತಿರ ಐದು. ಒಂದೇ ಬಕೆಟ್ಟಿನಲ್ಲಿ ಸಾವಿರ ಅಡಿ ಮುಗಿಸಿಕೊಡುತ್ತೇನೆ ಎನ್ನುವವರು ಮಾಳಿಗೆಯ ಮೇಲೆ ಬಿಡುವುದು ಬರೆಯುವ ಕಾಗದದ ದಪ್ಪದ ಪದರ. ಮೊದಲ ಮಳೆಗೆ ಅದು ಚೆನ್ನಾಗಿಯೇ ಕಾಣುತ್ತದೆ. ಎರಡನೆಯ ಬೇಸಿಗೆಯನ್ನು ಅದು ದಾಟುವುದು ಕಷ್ಟ.

2020ರ ಅಕ್ಟೋಬರ್ 13ರಂದು ಹೈದರಾಬಾದಿನಲ್ಲಿ ಒಂದು ದಿನದಲ್ಲಿ 190 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಆ ಲೆಕ್ಕದಲ್ಲಿ ಸಾವಿರ ಚದರಡಿಯ ಒಂದು ಮಾಳಿಗೆ ಹೊತ್ತ ನೀರು ಹದಿನೇಳು ಸಾವಿರ ಲೀಟರಿಗೂ ಹೆಚ್ಚು. ಅಂಥ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಕೆಲಸ ಮಾಡಿಸಬೇಕು.

ಬಿಳಿ ಲೇಪನಕ್ಕೆ ಈಗ ಇನ್ನೊಂದು ಪ್ರಯೋಜನವೂ ಸೇರಿದೆ. ತೆಲಂಗಾಣ ಸರ್ಕಾರ 2023ರ ಏಪ್ರಿಲ್‌ನಲ್ಲಿ ತಂಪು ಛಾವಣಿ ನೀತಿ ತಂದು, ಐದು ವರ್ಷಗಳಲ್ಲಿ ರಾಜ್ಯದ 300 ಚದರ ಕಿಲೋಮೀಟರ್ ಛಾವಣಿಯನ್ನು ಬಿಸಿಲು ಹಿಂದಕ್ಕೆ ಹೊಡೆಯುವಂತೆ ಮಾಡುವ ಗುರಿ ಇಟ್ಟುಕೊಂಡಿತು. ಮನೆಯೊಳಗಿನ ಸೆಕೆ ಎರಡರಿಂದ ಐದು ಡಿಗ್ರಿಯವರೆಗೆ ಇಳಿಯಬಲ್ಲದು ಎಂಬ ಅಂದಾಜು ಇದಕ್ಕೆ ಆಧಾರ. ಸ್ಲ್ಯಾಬು ಕಡಿಮೆ ಕಾದರೆ ಕಡಿಮೆ ಹಿಗ್ಗುತ್ತದೆ, ಕಡಿಮೆ ಸೀಳುತ್ತದೆ. ಹಾಗಾಗಿ ತಂಪು ಮತ್ತು ನೀರುತಡೆ ಒಂದಕ್ಕೊಂದು ಒದಗುತ್ತವೆ. ಆದರೆ ಬಿಳಿ ಬಳಿದದ್ದೆಲ್ಲ ವಾಟರ್‌ಪ್ರೂಫಿಂಗ್ ಅಲ್ಲ. ಸ್ಲ್ಯಾಬಿನ ಮೇಲೆ ಬರೀ ಸುಣ್ಣದ ತಿಳಿ ಬಳಿದರೆ ತಂಪಾದೀತು, ಸ್ಲ್ಯಾಬಿನ ಬಿರುಕು ಮುಚ್ಚದು.

ಈ ಕೆಲಸ ಮಾಡುವವರ ಬಗ್ಗೆಯೂ ಹೇಳಬೇಕು. ಮಾರ್ಚಿನಿಂದ ಮೇವರೆಗೆ, ಊರೆಲ್ಲ ನೆರಳು ಹುಡುಕುವ ದಿನಗಳಲ್ಲಿ ಅವರು ನೆರಳಿಲ್ಲದ ಕಡೆ ಕುಕ್ಕರಗಾಲಲ್ಲಿ ಕುಳಿತಿರುತ್ತಾರೆ. ಪಿಯು ಡಬ್ಬಿಯ ವಾಸನೆ ತಲೆ ಸುತ್ತಿಸುತ್ತದೆ. ಮುಖಗವಸು, ಕೈಗವಸು ಕಾಣುವುದು ಅಪರೂಪ. ಕೂಲಿಯಲ್ಲಿ ಚೌಕಾಸಿ ಮಾಡಿ ಎರಡು ದಿನ ಉಳಿಸಿದರೆ ಹೋಗುವುದು ಒಣಗಿಸುವ ಆ ಎರಡು ದಿನಗಳೇ.

ನಿಮ್ಮ ಮಾಳಿಗೆಗೆ ಈ ವರ್ಷ ಲೇಪನ ಮಾಡಿಸುವುದಿದ್ದರೆ ಏಪ್ರಿಲ್‌ನಲ್ಲೇ ಮಾಡಿಸಿ. ಮಳೆ ಶುರುವಾದ ಮೇಲೆ ಮಾಡಿಸಿದ್ದು ತೇಪೆಯಷ್ಟೇ. ಎಷ್ಟು ಬಕೆಟ್ಟು, ಒಣಗಿದ ಮೇಲೆ ಎಷ್ಟು ದಪ್ಪ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಲೇಪನ ಪೂರ್ತಿ ಒಣಗಿದ ಮೇಲೆ ಪೈಪಿನ ಬಾಯಿ ಕಟ್ಟಿ, ಒಂದು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಿನ ಕೋಣೆಯ ಮೂಲೆ ಮೂಲೆ ನೋಡಿ. ಕೊನೆಯ ಕಂತಿನ ಹಣ ಕೊಡುವುದು ಅದಾದ ಮೇಲೆ.