ಬೀಳಬೇಕಿದ್ದ ಎಂಸಿಬಿ ಬೀಳಲಿಲ್ಲ

ಇಂಡಕ್ಷನ್ ಮೇಲೆ ಇಡ್ಲಿ ಬೇಯುತ್ತಿತ್ತು, ಮಿಕ್ಸಿಯಲ್ಲಿ ಚಟ್ನಿ, ಕೆಟಲ್‌ನಲ್ಲಿ ಕಾಫಿಗೆ ನೀರು. ಎಲ್ಲಿಂದಲೋ ಮೀನಿನಂಥ ಕಮಟು ವಾಸನೆ ಬಂತು. ನಮ್ಮದು ಸಸ್ಯಾಹಾರದ ಮನೆ! ಮೇನ್ ಆರಿಸಿ ಇಂಡಕ್ಷನ್ನಿನ ಪ್ಲಗ್ ಕಿತ್ತರೆ ಪಿನ್ನಿನ ಬುಡ ಕಂದುಬಣ್ಣಕ್ಕೆ ತಿರುಗಿ, ಸಾಕೆಟ್ಟಿನ ಬಾಯಿ ಮೇಣದಂತೆ ಇಳಿದಿತ್ತು.

ಎಲೆಕ್ಟ್ರಿಷಿಯನ್ ಬಂದು ಬೋರ್ಡು ಬಿಚ್ಚಿದರು. ಮೂರು ಸಾಕೆಟ್ಟಿಗೂ ಒಂದೇ 1.5 ಚದರ ಮಿಲಿಮೀಟರ್ ವೈರು, ಒಂದರಿಂದ ಒಂದಕ್ಕೆ ಲೂಪ್. ಬಲ್ಬು, ಮಿಕ್ಸಿಯ ಕಾಲಕ್ಕೆ ಎಳೆದದ್ದು. 2000 ವಾಟ್‌ನ ಇಂಡಕ್ಷನ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. 1500 ವಾಟ್‌ನ ಕೆಟಲ್ 6.5, 750ರ ಮಿಕ್ಸಿ 3.3. ಒಟ್ಟು ಹದಿನೆಂಟೂವರೆ. ಅದರ ಮೇಲೆ, ಇಂಡಕ್ಷನ್ನಿನ ದಪ್ಪ ಪಿನ್ನನ್ನು ಕನ್ವರ್ಟರ್ ಹಾಕಿ 6 ಆಂಪಿಯರ್‌ನ ಸಣ್ಣ ಸಾಕೆಟ್ಟಿಗೆ ತುರುಕಿದ್ದೆವು.

‘ಎಂಸಿಬಿ ಯಾಕೆ ಬೀಳಲಿಲ್ಲ?’ ಅಂದೆ. ಅವರು ಮೇನ್ ಬೋರ್ಡಿನ ಕಡೆ ಕೈ ತೋರಿಸಿದರು: 32 ಆಂಪಿಯರ್. ಹಿಂದಿನ ವರ್ಷ ಪದೇ ಪದೇ ಬೀಳುತ್ತದೆ ಎಂದು ಹಟ ಹಿಡಿದು ದೊಡ್ಡದು ಹಾಕಿಸಿದವನು ನಾನೇ. ‘ಅದು ಇರೋದೇ ಬೀಳೋಕೆ ಸಾರ್. ಅದು ಬೀಳದಿದ್ರೆ ವೈರು ಸುಡುತ್ತೆ.’

ಅಡುಗೆಮನೆಗೆ ಸಾಕೆಟ್ ಎಷ್ಟು ಬೇಕು ಎಂದು ಎಣಿಸುತ್ತೇವೆ. ಮೇನ್ ಬೋರ್ಡಿನಿಂದ ಎಷ್ಟು ವೈರು ಬೇರೆಬೇರೆಯಾಗಿ ಬರುತ್ತವೆ ಎಂದು ಕೇಳುವುದಿಲ್ಲ. ಈ ಸಲ ಕೇಳಿದೆ. ಇಂಡಕ್ಷನ್ನಿಗೆ ಒಂದು, ಓವನ್ನಿಗೆ ಒಂದು: 4 ಚದರ ಮಿಲಿಮೀಟರ್ ವೈರು, 16 ಆಂಪಿಯರ್ ಸಾಕೆಟ್, ಪ್ರತಿಯೊಂದಕ್ಕೂ ಅದರದೇ ಎಂಸಿಬಿ. ಮಿಕ್ಸಿ, ಫ್ರಿಜ್, ಚಿಮಣಿಗೆ ಬೇರೆ ಲೈನು. ಸಾಕೆಟ್ಟುಗಳು ಕಟ್ಟೆಗಿಂತ ಮೇಲೆ, ಸಿಂಕಿನಿಂದ ದೂರ. ಒಲೆಯ ಹಿಂದಂತೂ ಬೇಡವೇ ಬೇಡ. ಹೊತ್ತಿಕೊಂಡಾಗ ಸ್ವಿಚ್ಚಿಗೆ ಕೈ ಹಾಕುವುದು ಹೇಗೆ?

ಹಳೆಯ ಸಾಕೆಟ್ಟಿನ ಹಸಿರು ವೈರು ಎಲ್ಲಿಗೂ ಸೇರಿರಲಿಲ್ಲ. ಇಷ್ಟು ವರ್ಷ ಮೂರನೇ ತೂತು ಬರೀ ಅಲಂಕಾರಕ್ಕೆ! ಅರ್ಥಿಂಗ್ ಸರಿಮಾಡಿಸಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯನ್ನೂ ಹಾಕಿಸಿದೆವು. ಎಂಸಿಬಿ ಕಾಯುವುದು ವೈರನ್ನು. ಒದ್ದೆ ಕೈಯನ್ನು ಕಾಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ಮರಳದೆ ಮೈಮೂಲಕವೋ ನೆಲಕ್ಕೋ ಸೋರಿದರೆ ತಟ್ಟನೆ ಕಡಿಯುತ್ತದೆ.

ಗೋಡೆ ಕೊರೆದು, ಪೈಪು ಹೂತು, ಪ್ಲಾಸ್ಟರ್ ಮುಚ್ಚಿ, ಟೈಲ್ಸಿನವರು ಮೊದಲ ಸಾಲು ಕೂರಿಸಿದ ಮೇಲೆ ಅಮ್ಮ ಬಂದು ನಿಂತು ನೋಡಿದರು.

‘ಎಲ್ಲಾ ಸರಿ, ಗ್ರೈಂಡರ್ ಎಲ್ಲಿ ಹಾಕ್ಲಿ?’

ಎಲೆಕ್ಟ್ರಿಷಿಯನ್ ಮಾತಾಡದೆ ಚೀಲದಿಂದ ಮತ್ತೆ ಉಳಿ ತೆಗೆದರು.